ಅಪ್ಪ ಲಗ್ನದಲ್ಲಿ ಹೇಳುವ ಗಾಥೆ

ನನಗೆ ಕೂತಲ್ಲಿ ಕೂಡುವ ಗುಣ ಹುಟ್ಟಿನಿಂದಲೇ ಇಲ್ಲ. ಪಾಠ ಮಾಡುವಾಗಲೂ ತಿರುಗುತ್ತಲೇ ಇರುತ್ತೇನೆ. ನನ್ನ ಕ್ಲಾಸಿನ ಮಕ್ಕಳಿಗೆ ಕತ್ತು ನೋವು ಬರುತ್ತದೆ ಎಂದು ಹೆಡ್‌ಮಾಸ್ತರು ತಮಾಷೆ ಮಾಡುತ್ತಾರೆ. ಹೀಗಿದ್ದವಳು ನಲವತ್ನಾಲ್ಕನೇ ವಯಸ್ಸಿನಲ್ಲಿ ಒಂದು ವರ್ಷ ಸಂಬಳವಿಲ್ಲದ ರಜೆ ಹಾಕಿ, ಪಾಲಿ ಕಲಿಯಲು ಶ್ರೀಲಂಕಾಕ್ಕೆ ಹೋಗುತ್ತೇನೆ ಎಂದಾಗ ಸ್ಟಾಫ್ ರೂಮಿನಲ್ಲಿ ಯಾರೂ ನಂಬಲಿಲ್ಲ. ನಜೀಮಾ ಟೀಚರ್ ಅಂತೂ ಚಹಾದ ಕಪ್ಪು ಕೆಳಗಿಟ್ಟು ಕೇಳಿಯೇಬಿಟ್ಟಳು: "ಅಲ್ಲ ಸಾವಿತ್ರಿಬಾಯಿ, ಪಾಲಿ ಕಲ್ತು ಯಾರ ಜೋಡಿ ಮಾತಾಡ್ತಿ?"

ಸರಿಯಾದ ಪ್ರಶ್ನೆಯೇ. ಉತ್ತರ ನನ್ನ ಮನೆಯಲ್ಲೇ ಇತ್ತು. ನಮ್ಮಪ್ಪ ಅಮರಪ್ಪ ಹೈಸ್ಕೂಲಿನ ಜವಾನನಾಗಿದ್ದು ನಿವೃತ್ತನಾದವನು. ಆದರೆ ದೋರನಹಳ್ಳಿಯ ಸುತ್ತ ಏಳೂರಿನ ಬೌದ್ಧ ಮನೆಗಳಲ್ಲಿ ಅವನನ್ನು ಎಲ್ಲರೂ ಅಮರಪ್ಪ ಮಾಸ್ತರ ಎಂದೇ ಕರೆಯುತ್ತಾರೆ. ಲಗ್ನ ಇರಲಿ, ಕೂಸಿಗೆ ಹೆಸರಿಡುವುದಿರಲಿ, ಮಣ್ಣು ಕೊಡುವುದಿರಲಿ, ಅಪ್ಪ ಬಿಳಿ ಅಂಗಿ ತೊಟ್ಟು ಬಂದು ಬುದ್ಧನ ಫೋಟೊ, ಬಾಬಾಸಾಹೇಬರ ಫೋಟೊ ಮುಂದೆ ಮೇಣದಬತ್ತಿ ಹಚ್ಚಿ, ಪಾಲಿ ಗಾಥೆ ಹೇಳಿದ ಮೇಲೆಯೇ ಕೆಲಸ ಮುಗಿದಂತೆ. ಯಾರಾದರೂ ಬಾಯಿತಪ್ಪಿ 'ಮಂತ್ರ' ಎಂದರೆ ಸಿಡುಕುತ್ತಾನೆ. ಲಗ್ನದಲ್ಲಿ ಅಕ್ಕಿಕಾಳು ಹಾಕಲು ಹೋದರೆ ಕೈ ಹಿಡಿದು, "ಅಕ್ಕಿ ಉಣ್ಣಾಕ ಅದ, ಒಗಿಯಾಕಲ್ಲ," ಎಂದು ಹೂವಿನ ಪಕಳೆ ಕೊಡುತ್ತಾನೆ.

ಇಷ್ಟೆಲ್ಲ ಬಿಗುವಿನ ಮನುಷ್ಯನಿಗೆ ತಾನು ಹೇಳುವುದರ ಅರ್ಥ ಗೊತ್ತಿರಲಿಲ್ಲ. ಅಪ್ಪ ಇಪ್ಪತ್ತರ ಹುಡುಗನಾಗಿದ್ದಾಗ ಸೊಲ್ಲಾಪುರದ ಗಿರಣಿಯಲ್ಲಿದ್ದ ಅವನ ಸೋದರಮಾವ ರಜೆಗೆ ಬಂದು, ಮರಾಠಿ ಪುಸ್ತಕ ನೋಡಿ ಗಾಥೆ ಓದುತ್ತಾ ಹೋದನಂತೆ. ಇವನು ಕನ್ನಡದಲ್ಲಿ ಬರೆದುಕೊಂಡನಂತೆ. ಮಾವನಿಗೆ ಯಾದಗಿರಿಯಲ್ಲಿ ರೈಲು ಹಿಡಿಯುವ ಅವಸರ. ಅರ್ಥ ಮುಂದಿನ ಸಲ ಹೇಳುತ್ತೇನೆ ಎಂದವನು ಮತ್ತೆ ಬರಲಿಲ್ಲ. ಐವತ್ತು ವರ್ಷ ಅಪ್ಪ ಆ ನೋಟುಬುಕ್ಕಿನ ಮೇಲೆಯೇ ನಡೆಸಿದ.

ನಾನೋ, ಪದ್ಯ ಬಾಯಿಪಾಠ ಮಾಡಿದರೆ ಸಾಲದು, ಅರ್ಥ ಹೇಳು ಎಂದು ಮಕ್ಕಳ ಜೀವ ತಿನ್ನುವ ಟೀಚರ್. ಒಂದು ದಿನ ಏಳನೇ ಕ್ಲಾಸಿನ ಒಬ್ಬಳು ಎದ್ದು ನಿಂತು, "ಟೀಚರ್, ಮೊನ್ನಿ ನಮ್ಮಕ್ಕನ ಲಗ್ನದಾಗ ನಿಮ್ಮಪ್ಪ ಏನಂದ್ರು? ಅರ್ಥ ಹೇಳ್ರಿ," ಎಂದಳು. ನನ್ನ ಮುಖ ಬಿಸಿಯಾಯಿತು. ಆವತ್ತೇ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ. ಮಕ್ಕಳಿಲ್ಲ, ಗಂಡನಿಲ್ಲ, ಸಾಲವಿಲ್ಲ; ಹಿಡಿದು ನಿಲ್ಲಿಸುವವರು ಯಾರು?

ಅಪ್ಪ ನಿಲ್ಲಿಸುವುದಿರಲಿ, ಊರ ತುಂಬ ಡಂಗುರ ಹೊಡೆದ. "ನನ್ನ ಮಗಳು ಲಂಕಾಕ್ಕ ಹೊಂಟಾಳ. ನಾ ಅಂದಿದ್ದಕ್ಕೆಲ್ಲಾ ಅರ್ಥ ತರ್ತಾಳ," ಎಂದು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಹೇಳಿದ.

ಕ್ಯಾಂಡಿಯಿಂದ ಒಂದು ತಾಸಿನ ದಾರಿಯಲ್ಲಿ ಗುಡ್ಡದ ಮೇಲೊಂದು ಸಣ್ಣ ಶಾಲೆ. ಬೆಳಿಗ್ಗೆ ಐದಕ್ಕೆ ಎದ್ದು ವಂದನೆ, ಆಮೇಲೆ ಪಾಠ, ಆಮೇಲೆ ಕೆಂಪಕ್ಕಿ ಅನ್ನ, ಮತ್ತೆ ಪಾಠ. ಮೊದಲ ತಿಂಗಳು ಮೊಣಕಾಲು ಬಿಟ್ಟರೆ ಬೇರೇನೂ ನೆನಪಿಲ್ಲ. ಸಜ್ಜಿರೊಟ್ಟಿ ಕನಸಿನಲ್ಲಿ ಬರುತ್ತಿತ್ತು. ನಮಗೆ ಕಲಿಸುತ್ತಿದ್ದ ವಯಸ್ಸಾದ ಭಿಕ್ಷುಣಿ ನನ್ನ ಚಡಪಡಿಕೆ ನೋಡಿ, ನೀನು ನಿಂತೇ ಓದು ಎಂದು ಅನುಮತಿ ಕೊಟ್ಟರು. ಕಂಬಕ್ಕೆ ಒರಗಿ ನಿಂತು ಪಾಲಿ ಕಲಿತವಳು ಆ ಶಾಲೆಯಲ್ಲಿ ನಾನೊಬ್ಬಳೇ ಇರಬೇಕು. ಆದರೂ ಕಲಿತೆ. ವರ್ಷದ ಪಾಠದಲ್ಲಿ ಗಾಥೆಗಳ ಅರ್ಥ ಕೊನೆಗೆ ಬರುತ್ತಿತ್ತು. ಅಲ್ಲಿಯವರೆಗೆ ತಡೆದುಕೋ ಎಂದಿದ್ದರು. ಅಪ್ಪ ಭಾನುವಾರಕ್ಕೊಮ್ಮೆ ಫೋನು ಮಾಡಿ, "ಬಂತೇನು ನನ್ನ ಗಾಥಾ?" ಎಂದು ಕೇಳುತ್ತಿದ್ದ.

ಜನವರಿಯಲ್ಲಿ ಬಂತು. ಒಂದು ಮಧ್ಯಾಹ್ನ ಗುಡ್ಡದ ಕೆಳಗಿನ ಊರಿಗೆ ಸಾಬೂನು ತರಲು ಇಳಿದಿದ್ದೆ. ರಸ್ತೆಯುದ್ದಕ್ಕೂ ಬಿಳಿ ಪತಾಕೆ ಕಟ್ಟಿದ್ದರು. ಒಂದು ಮನೆಯ ಮುಂದೆ ಶಾಮಿಯಾನ, ಎಲ್ಲರ ಮೈಮೇಲೆ ಬಿಳಿ ಬಟ್ಟೆ. ನಮ್ಮ ಲಗ್ನಗಳಲ್ಲಿ ಮದುಮಗಳಿಗೂ ಮದುಮಗನಿಗೂ ಬಿಳಿಯೇ. ನನಗೆ ಬೇರೆ ಯಾವ ಯೋಚನೆಯೂ ಬರಲಿಲ್ಲ. ಊರಿನವರ ಲಗ್ನ ಕಂಡಂತಾಗಿ ಒಳಗೇ ನುಗ್ಗಿದೆ. ಅಷ್ಟರಲ್ಲಿ ಭಿಕ್ಷುಗಳು ಶುರು ಮಾಡಿದರು. ಅಪ್ಪ ಪ್ರತಿ ಲಗ್ನದ ಕೊನೆಗೆ ಹೇಳುವ ಅದೇ ಗಾಥೆ, ಅಕ್ಷರ ತಪ್ಪದೆ! ಖುಷಿಗೆ ನನ್ನ ಕಣ್ಣು ತುಂಬಿತು. ಹಲ್ಲು ಬಿಟ್ಟುಕೊಂಡು ನಾನೂ ದನಿ ಸೇರಿಸಿದೆ. ಮುಂದೆ ನಿಂತಿದ್ದವರು ತಿರುಗಿ ನನ್ನನ್ನು ನೋಡಿ ಸರಿದರು. ಆಗ ಪೆಟ್ಟಿಗೆ ಕಂಡಿತು, ಅದರಲ್ಲಿ ಮಲಗಿದ್ದ ಮುದುಕ ಕಂಡ.

ಸಾಬೂನು ತರಲಿಲ್ಲ. ಗುಡ್ಡ ಹತ್ತಿ ಬಂದವಳೇ ಭಿಕ್ಷುಣಿಯವರ ಮುಂದೆ ಅಪ್ಪ ಲಗ್ನದಲ್ಲಿ ಹೇಳುವುದು, ಸತ್ತಲ್ಲಿ ಹೇಳುವುದು, ಎರಡೂ ಗಾಥೆ ಹೇಳಿ, ಇವತ್ತೇ ಅರ್ಥ ಬೇಕು ಎಂದು ಹಟ ಹಿಡಿದೆ. ಅವರು ಬಿಡಿಸಿ ಹೇಳಿದರು. ಅಪ್ಪ ಲಗ್ನದಲ್ಲಿ ಹೇಳುವುದು ಸಾವಿನದು: ಕೂಡಿ ಬಂದದ್ದೆಲ್ಲ ಅಗಲುತ್ತದೆ, ಹುಟ್ಟಿದ್ದೆಲ್ಲ ಅಳಿಯುತ್ತದೆ, ಆ ಹುಟ್ಟು ಅಳಿವು ತಣ್ಣಗಾದರೇ ಸುಖ. ಅವನು ಹೆಣದ ಮುಂದೆ ಹೇಳುವುದು ಲಗ್ನದ ಹರಕೆ: ನಿನಗೆ ಸಕಲ ಮಂಗಲವೂ ಆಗಲಿ, ಎಲ್ಲರೂ ನಿನ್ನನ್ನು ಕಾಯಲಿ, ಸದಾ ಸುಖವಾಗಿರು. ಆ ಅವಸರದಲ್ಲಿ ಮಾವನೋ ಇವನೋ ಯಾರೋ ಒಬ್ಬರು ಎರಡು ಹಾಳೆ ಅದಲುಬದಲು ಮಾಡಿದ್ದರು. ಐವತ್ತು ವರ್ಷದಲ್ಲಿ ಹಿಡಿಯುವವರು ಒಬ್ಬರೂ ಬರಲಿಲ್ಲ. ವಿಹಾರದಲ್ಲಿ ಸರಿಯಾದ ಗಾಥೆ ಕೇಳಿ ಬಲ್ಲ ಕಲಬುರಗಿ ಕಡೆಯ ಬೀಗರು ಯಾರಾದರೂ ಹಿಡಿಯಬಹುದಿತ್ತು. ಆದರೆ ಕೊನೆಯ ಗಾಥೆಯ ಹೊತ್ತಿಗೆ ಅವರೆಲ್ಲ ಊಟದ ಸಾಲಿನಲ್ಲಿರುತ್ತಿದ್ದರು.

ನಗಬಹುದಿತ್ತು. ನಾನು ನಗಲಿಲ್ಲ. ಇಪ್ಪತ್ತನಾಲ್ಕು ವರ್ಷದ ಹಿಂದೆ ನನ್ನ ಲಗ್ನದಲ್ಲೂ ಅಪ್ಪನೇ ನಿಂತು ಹೇಳಿದ್ದ. ನನ್ನ ಗಂಡನ ಹೆಸರು ಶ್ರೀಮಂತ; ಕಾಲುವೆಯ ಮೇಲೆ ಗ್ಯಾಂಗ್‌ಮನ್ ಆಗಿದ್ದ. ಲಗ್ನವಾಗಿ ಹನ್ನೊಂದು ತಿಂಗಳಿಗೆ ತೂಬು ಎತ್ತಲು ಹೋದಾಗ ಹಾವು ಕಚ್ಚಿ ಸತ್ತ. ಕೂಡಿ ಬಂದದ್ದೆಲ್ಲ ಅಗಲುತ್ತದೆ! ಅಪ್ಪನಿಗೆ ಇದು ಗೊತ್ತಾದರೆ ಎದೆ ಒಡೆದುಕೊಳ್ಳುತ್ತಾನೆ. ಮಗಳ ತಾಳಿಗೆ ತಾನೇ ಕುತ್ತು ತಂದೆ ಎಂದುಕೊಂಡು ಸಾಯುತ್ತಾನೆ. ಹೇಳಬಾರದು ಎಂದು ಆವತ್ತೇ ಗಟ್ಟಿ ಮಾಡಿಕೊಂಡೆ. ಉಳಿದ ನಾಲ್ಕು ತಿಂಗಳು ಆ ಗುಡ್ಡದ ಮೇಲೆ ನಾನು ನಡೆದ ನಡಿಗೆಗೆ ಎರಡು ಜೊತೆ ಚಪ್ಪಲಿ ಸವೆದವು. ಭಾನುವಾರ ಫೋನು ಬಂದರೆ, "ಇನ್ನೂ ವ್ಯಾಕರಣ ನಡದದ ಅಪ್ಪ," ಎನ್ನುತ್ತಿದ್ದೆ.

ಮೇ ತಿಂಗಳಲ್ಲಿ ಬಂದು ಇಳಿದೆ. ನಾಲ್ಕೇ ದಿನಕ್ಕೆ ಸುರಪುರದಲ್ಲಿ ರೇವತಿಯ ಲಗ್ನ. ರೇವತಿ ನನ್ನ ತಂಗಿ ಚಂದಮ್ಮನ ಮಗಳು, ನಾನು ಎತ್ತಿ ಆಡಿಸಿದ ಕೂಸು. ಹುಡುಗ ಭೀಮು, ಹುಣಸಗಿಯಲ್ಲಿ ಬೀಜ–ಗೊಬ್ಬರದ ಅಂಗಡಿಯಲ್ಲಿ ಕೆಲಸ. ಆ ಸಾವಿನ ಮಾತು ಈ ಹುಡುಗಿಯ ತಲೆಯ ಮೇಲೆ ಬೀಳಬಾರದು, ಅಪ್ಪನಿಗೂ ತಿಳಿಯಬಾರದು. ಎರಡೂ ಆಗುವುದು ಹೇಗೆ? ಕೊನೆಗೆ ಒಂದು ದಾರಿ ಹುಡುಕಿ, "ಅಪ್ಪ, ಈ ಸಲ ಕೊನೀ ಗಾಥಾ ನಾ ಹೇಳ್ತೀನಿ," ಎಂದೆ.

"ಮುಂದಿನ ಸಲ ಹೇಳು," ಎಂದ ಅಪ್ಪ. "ಇದು ನನ್ನ ಮೊಮ್ಮಗಳ ಲಗ್ನ. ನಾನೇ ಹೇಳಾಂವ."

ಲಗ್ನದ ದಿನ ಹಾಲ್ ತುಂಬಿತ್ತು. ನಾನು ಬಾಗಿಲ ಹತ್ತಿರ ನಿಂತುಕೊಂಡೆ. ತ್ರಿಶರಣ ಆಯಿತು, ಪಂಚಶೀಲ ಆಯಿತು, ಹಾರ ಬದಲಾಯಿತು. ಕೊನೆಯ ಗಾಥೆಗೆ ಮೊದಲು ಅಪ್ಪ ಮೈಕು ಗಟ್ಟಿಯಾಗಿ ಹಿಡಿದು, ಯಾರಿಗೂ ಹೇಳದೆ ಕೇಳದೆ ಒಂದು ಘೋಷಣೆ ಮಾಡಿಬಿಟ್ಟ: "ನನ್ನ ಮಗಳು ಸಾವಿತ್ರಿಬಾಯಿ ಒಂದ ವರ್ಷ ಲಂಕಾದಾಗ ಓದಿ ಬಂದಾಳ. ಇವತ್ತ ನಾ ಗಾಥಾ ಅಂತೀನಿ, ಅಕಿ ಅದರ ಅರ್ಥ ಹೇಳ್ತಾಳ. ಊಟಕ್ಕ ಯಾರೂ ಏಳಬ್ಯಾಡ್ರಿ."

ಜನ ಚಪ್ಪಾಳೆ ಹೊಡೆದರು. ಚಂದಮ್ಮ ನನ್ನ ರಟ್ಟೆ ಹಿಡಿದು ವೇದಿಕೆಗೆ ನೂಕಿದಳು. ಅಪ್ಪ ಕಣ್ಣು ಮುಚ್ಚಿ, ತನ್ನ ಲಗ್ನದ ರಾಗದಲ್ಲಿ, ಕೂಡಿದ್ದೆಲ್ಲ ಅಗಲುತ್ತದೆ ಎಂಬುದನ್ನು ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ಹೇಳಿ ಮುಗಿಸಿದ. ಮೈಕು ನನ್ನ ಕೈಗೆ ಬಂತು. ರೇವತಿ ನನ್ನನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆದೆ: "ಮಕ್ಕಳೇ, ನಿಮಗೆ ಸಕಲ ಮಂಗಲವೂ ಆಗಲಿ, ಎಲ್ಲರೂ ನಿಮ್ಮನ್ನು ಕಾಯಲಿ, ಸದಾ ಸುಖವಾಗಿರಿ ಅಂತ ಇದರ ಅರ್ಥ." ಹೂವಿನ ಪಕಳೆ ಸುರಿದವು. ಒಂದು ವರ್ಷ ದೇಶ ಬಿಟ್ಟು ಅರ್ಥ ಕಲಿತು ಬಂದವಳು ಮೊದಲ ಸಲ ಅರ್ಥ ಹೇಳುವಾಗಲೇ ಹಸಿ ಸುಳ್ಳು ಹೇಳಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಉಣ್ಣುವ ಶಾಸ್ತ್ರ ಮಾಡಿ, ತಲೆ ಸಿಡಿಯುತ್ತಿದೆ ಎಂದು ನೆಪ ಹೇಳಿ ಅಪ್ಪನನ್ನು ಎಬ್ಬಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ. ನಮ್ಮೂರ ಕಡೆ ಹೋಗುವ ಶಹಾಪುರದ ಬಸ್ಸು ಬಂದಿರಲಿಲ್ಲ. ಅಪ್ಪ ಬೆಂಚಿನ ಮೇಲೆ ಕೂತ. ನಾನು ಅವನ ಮುಂದೆ ಅತ್ತಿಂದಿತ್ತ ತಿರುಗುತ್ತಿದ್ದೆ.

"ಎಷ್ಟು ಚಂದ ಅರ್ಥ ಅದ ನೋಡು," ಎಂದ ಅಪ್ಪ. ಮುಖದಲ್ಲಿ ಮದುಮಗನ ಕಳೆ ಇತ್ತು. ಆಮೇಲೆ ದನಿ ತಗ್ಗಿಸಿ ಕೇಳಿದ: "ಹಂಗಾದ್ರ ಸತ್ತಲ್ಲಿ ಹೇಳ್ತೀನಲ್ಲ, ಅದರದ್ದೇನು? ಶ್ರೀಮಂತನ ಮುಂದ ಅಂದಾಗ ನನ್ನ ಬಾಯಿ ನಡುಗಿತ್ತು. ಏನಂದೆ ಅಂತ ಇವತ್ತಿಗೂ ಗೊತ್ತಿಲ್ಲ ನನಗ."

ಆ ಸುಳ್ಳಿನ ಜೊತೆಗೆ ಇನ್ನೊಂದನ್ನು ಹೊಂದಿಸಬಹುದಿತ್ತು. ಆದರೆ ಶ್ರೀಮಂತನ ಹೆಸರು ಎತ್ತಿದ ಮೇಲೆ ನನ್ನಿಂದ ಆಗಲಿಲ್ಲ. ಸಕಲ ಮಂಗಲವೂ ಆಗಲಿ, ಎಲ್ಲರೂ ಕಾಯಲಿ, ಸದಾ ಸುಖವಾಗಿರು ಎಂದೆ.

ಅಪ್ಪ ನನ್ನ ಮುಖ ನೋಡಿದ. "ಅದು ಆಗಲೇ ಹೇಳಿದೆಲ್ಲ."

"ಆಗ ಹೇಳಿದ್ದು ಸುಳ್ಳು, ಅಪ್ಪ." ಎಲ್ಲವನ್ನೂ ಒಂದೇ ಉಸಿರಿಗೆ ಒದರಿಬಿಟ್ಟೆ: ಬಿಳಿ ಪತಾಕೆ, ಪೆಟ್ಟಿಗೆ, ಅದಲುಬದಲಾದ ಹಾಳೆ.

ಅವನು ಕೇಳಿದ: "ಯಾವಾಗ ಗೊತ್ತಾತು ನಿನಗ?"

"ಜನವರಿಯಾಗ."

"ನಾಕು ತಿಂಗಳು ಹೊಟ್ಟ್ಯಾಗ ಇಟಗೊಂಡು ಕುಂತಿ? ಯಾಕ?"

"ನೀ ನೊಂದಗೋತಿ ಅಂತ. ನನ್ನ ಲಗ್ನದಾಗೂ ಅದನ್ನ ಅಂದಿದ್ದಿ. ಶ್ರೀಮಂತ..."

ಅಪ್ಪ ಬೆಂಚಿನಿಂದ ಎದ್ದ. "ಅವನಿಗೆ ಹಾವು ಕಡೀತು, ಸಾವಿತ್ರಿ. ನಾ ಅಂದಿದ್ದು ಕಡೀಲಿಲ್ಲ. ಚಂದಮ್ಮನ ಲಗ್ನದಾಗೂ ಅದನ್ನ ಅಂದೀನಿ. ಅಕಿ ಗಂಡ ಈಗ ಎರಡನೇ ಸಲ ಹೋಳಿಗಿಗೆ ಕುಂತಾನ. ಮಾತಿನಿಂದ ಮನಷ್ಯಾ ಸಾಯಂಗಿದ್ರ ನಮ್ಮ ಮಂದಿಗೆ ಹಾಕಿದ ಶಾಪಕ್ಕ ನಾವು ಒಬ್ಬರೂ ಉಳೀತಿದ್ದಿಲ್ಲ." ಅವನ ಕಣ್ಣು ಕೆಂಪಾಗಿದ್ದವು. "ನಾ ಹಂಗ ತಿಳಕೋತೀನಿ ಅಂತ ಹೆದರಿದೆ ಅಂತಿ. ಖರೇ ಹೇಳು, ಹಂಗ ತಿಳಕೊಂಡಾಕಿ ಯಾರು?"

ನಾನು ತಿರುಗಾಟ ನಿಲ್ಲಿಸಿದೆ. ಬೆಕ್ಕು ಅಡ್ಡ ಬಂದರೆ ಏನೂ ಆಗುವುದಿಲ್ಲ ಎಂದು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಪಾಠ ಮಾಡಿದವಳು, ಸಮುದ್ರ ದಾಟಿ ಬುದ್ಧನ ಮಾತು ಕಲಿತವಳು, ಒಂದು ಗಾಥೆಯಿಂದ ಗಂಡ ಸತ್ತ ಎಂದು ನಂಬಿದ್ದೆ. ಅಪ್ಪನ ಹೆಸರು ಮುಂದಿಟ್ಟುಕೊಂಡು ನನ್ನ ಹೆದರಿಕೆಯನ್ನೇ ಸಾಕಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಶಹಾಪುರದ ಬಸ್ಸು ಬಂತು. ಅಪ್ಪ ಅದರ ಕಡೆ ನೋಡಲೂ ಇಲ್ಲ. "ನಡಿ, ಮೈಕು ಇನ್ನೂ ಬಿಚ್ಚಿರಂಗಿಲ್ಲ," ಎಂದವನೇ ಮೇ ತಿಂಗಳ ಬಿಸಿಲಿನಲ್ಲಿ ಹಾಲಿನ ಕಡೆ ಹೊರಟ. ಎಪ್ಪತ್ತೆರಡರ ಮುದುಕ, ನಾನು ಓಡಿ ಹಿಡಿಯಬೇಕಾಯಿತು.

ಹಾಲಿನಲ್ಲಿ ಕೊನೆಯ ಪಂಕ್ತಿ ನಡೆದಿತ್ತು. ಮದುಮಕ್ಕಳು ಕುರ್ಚಿಯಲ್ಲಿ ಕೂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅಪ್ಪ ಸೀದಾ ಹೋಗಿ ಮೈಕು ಹಿಡಿದ: "ನನ್ನಿಂದ ಒಂದು ತಪ್ಪಾಗ್ಯಾದ. ಇವರಿಗೆ ಹೇಳಬೇಕಾದ ಗಾಥಾ ಬ್ಯಾರೇನೇ ಅದ. ಈಗ ಅಂತೀನಿ, ಕೇಳ್ರಿ." ಅಷ್ಟು ಹೇಳಿ ಶುರುಮಾಡಿಯೇಬಿಟ್ಟ. ಆ ಗಾಥೆಯನ್ನು ಅವನು ಐವತ್ತು ವರ್ಷ ಹೆಣದ ಮುಂದೆಯೇ ಹೇಳಿದವನು. ರಾಗ ಅದೇ ಬಂತು, ಆ ಎಳೆಯುವ ದನಿ ಅದೇ ಬಂತು.

ಎಲೆಯ ಮುಂದಿದ್ದ ಕೈಗಳು ನಿಂತವು. ಅಜ್ಜಿಯರ ಸಾಲಿನಲ್ಲಿ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು, ಪಕ್ಕದವಳು ಕಣ್ಣಿಗೆ ಒತ್ತಿಕೊಂಡಳು. ನೋಡನೋಡುತ್ತ ಮೂರ್ನಾಲ್ಕು ಮುದುಕಿಯರು ದನಿ ತೆಗೆದು ಅಳತೊಡಗಿದರು. ಭೀಮುವಿನ ತಾಯಿ ದುರಗಮ್ಮ ಧಡಕ್ಕನೆ ಎದ್ದಳು: "ಏನ್ರಿ ಮಾಸ್ತರ್ರ, ತೆಲಿ ಕೆಟ್ಟದೇನು? ಲಗ್ನದಾಗ ಸತ್ತವರ ಮಂತ್ರ ಅಂತೀರಿ! ನನ್ನ ಮಗಾ ಸುಖವಾಗಿ ಬಾಳಬಾರದೇನು?"

'ಮಂತ್ರ' ಎಂದದ್ದಕ್ಕೂ ಅಪ್ಪ ಸಿಡುಕಲಿಲ್ಲ. ತಬ್ಬಿಬ್ಬಾಗಿ ನನ್ನ ಕಡೆ ನೋಡಿದ. ನಾನು ಹೋಗಿ ಮೈಕು ತೆಗೆದುಕೊಂಡೆ. ಅಪ್ಪ ಈಗ ಹೇಳಿದ್ದೇ ಮಂಗಲದ್ದು, ಇದು ಹರಕೆ ಎಂದೆ. ಬೆಳಿಗ್ಗೆ ಹೇಳಿದ್ದರ ಅರ್ಥ ಇಂಥದ್ದು ಎಂದೂ ಮರೆಮಾಚದೆ ಹೇಳಿದೆ.

"ಹಂಗಾದ್ರ ಮುಂಜಾನಿ ನೀವು ಮೈಕಿನಾಗ ಹೇಳಿದ್ದು ಸುಳ್ಳೇನ್ರಿ ಟೀಚರ್?" ದುರಗಮ್ಮ ಬಿಡಲಿಲ್ಲ.

"ಹೌದ್ರಿ, ಸುಳ್ಳು."

"ಯಾಕ್ರಿ?"

"ಹೆದರಿದ್ದೆ. ನನ್ನ ಲಗ್ನದಾಗ ಅಪ್ಪ ಅದನ್ನ ಅಂದಿದ್ದ. ನನ್ನ ಗಂಡ ಅದರಿಂದಲೇ ಸತ್ತ ಅಂತ ತಿಳಕೊಂಡಿದ್ದೆ. ತಪ್ಪು ತಿಳಕೊಂಡಿದ್ದೆ. ಅವನಿಗೆ ಹಾವು ಕಡಿದಿತ್ತು." ಮೈಕಿನಲ್ಲಿ ನನ್ನ ದನಿ ನನಗೇ ಕೇಳಿಸಿತು. ದುರಗಮ್ಮ ನಿಂತೇ ಇದ್ದಳು. ಬಯ್ಯಲು ತೆರೆದ ಬಾಯಿ ಹಾಗೇ ಉಳಿಯಿತು.

ಅಳುತ್ತಿದ್ದ ಅಜ್ಜಿಯರಲ್ಲಿ ಶೇಖಮ್ಮ ಎದ್ದು ನಿಂತಳು. ಹೋದ ವರ್ಷ ನಾನು ಲಂಕಾದಲ್ಲಿದ್ದಾಗ ಅವಳ ಗಂಡ ತೀರಿಕೊಂಡಿದ್ದ. ಮೂಗು ಒರೆಸಿಕೊಂಡು ಕೇಳಿದಳು: "ಏ ಅಮರಪ್ಪ, ಈಗ ಅಂದೆಲ್ಲ, ನಮ್ಮ ಮುದುಕನ ಮುಂದ ಅಂದಿದ್ದೂ ಇದನ್ನೇ ಅಲ್ಲೇನು?"

"ಇದನ್ನೇ, ಯಕ್ಕಾ," ಎಂದ ಅಪ್ಪ. "ತಪ್ಪಾತು. ಇನ್ನ ಮುಂದ ಸತ್ತಲ್ಲಿ ಅದು, ಲಗ್ನದಾಗ ಇದು. ಏಳೂರಿಗೂ ಹೋಗಿ ಹೇಳ್ತೀನಿ."

"ಲಗ್ನದ್ದು ಏನರ ಮಾಡ್ಕೋ," ಎಂದಳು ಶೇಖಮ್ಮ. "ಮಂಗಲ ಆಗಲಿ, ಎಲ್ಲಾರೂ ನಿನ್ನ ಕಾಯಲಿ, ಸುಖವಾಗಿರು ಅಂತ ಅಂದು ಕಳಿಸೀಯಲ್ಲೋ ಅವನ್ನ! ಜೀವ ಇದ್ದಾಗ ಯಾರೂ ಅವನಿಗೆ ಅಷ್ಟು ಚಂದ ಮಾತು ಆಡಿದ್ದಿಲ್ಲ. ನಾ ಸತ್ತಾಗೂ ಇದನ್ನೇ ಅನ್ನಬೇಕು. ಇದೊಂದು ತಿದ್ದಬ್ಯಾಡ."

"ನನಗೂ ಇದನ್ನೇ," ಎಂದಳು ಅವಳ ಪಕ್ಕದವಳು, ಎಲೆಯ ಮುಂದಿನಿಂದ ಏಳದೆ.

ಅಪ್ಪ ಮತ್ತೆ ನನ್ನ ಕಡೆ ನೋಡಿದ. ಓದಿ ಬಂದವಳು ನೀನು, ಹೇಳು ಎಂಬಂತೆ. ಇಪ್ಪತ್ಮೂರು ವರ್ಷದ ಹಿಂದೆ, ಬಾಯಿ ನಡುಗುತ್ತಿದ್ದಾಗ, ಅಪ್ಪ ಶ್ರೀಮಂತನಿಗೂ ಇದನ್ನೇ ಹೇಳಿ ಕಳಿಸಿದ್ದ. ಅರ್ಥ ತಿಳಿದ ದಿನದಿಂದ ಇವತ್ತಿನವರೆಗೆ ಒಮ್ಮೆಯೂ ನನಗೆ ಅದು ಹೊಳೆದಿರಲಿಲ್ಲ. ಇನ್ನೊಂದು ಗಾಥೆಯ ಹಿಂದೆಯೇ ಬಿದ್ದಿದ್ದೆ. ಸದಾ ಸುಖವಾಗಿರು. ಅಷ್ಟು ಜನರ ಮುಂದೆ, ಕೈಯಲ್ಲಿ ಮೈಕು ಹಿಡಿದುಕೊಂಡೇ, ನಾನು ಗಂಡನಿಗಾಗಿ ಬಿಕ್ಕಿ ಬಿಕ್ಕಿ ಅತ್ತೆ. ದುರಗಮ್ಮ ಬಂದು ಮೈಕು ಇಸಿದುಕೊಂಡು ಬಂದ್ ಮಾಡಿದಳು, ಆಮೇಲೆ ನನ್ನ ಕೈ ಹಿಡಿದು ತನ್ನ ಪಕ್ಕ ಕೂರಿಸಿಕೊಂಡಳು.